ನಾರ್ಮಲ್ಲಾ, ಸಿಸೇರಿಯನ್ನಾ? ಆಮೇಲೇನು?

ನಮ್ಮ ವಿದ್ಯಾನಗರದಲ್ಲಿ ಯಾರಿಗೇ ಹೆರಿಗೆಯಾಗಲಿ, ಗಂಡೋ ಹೆಣ್ಣೋ ಎಂದು ಕೇಳಿದ ಮೇಲಿನ ಪ್ರಶ್ನೆ ಒಂದೇ: "ನಾರ್ಮಲ್ಲಾ, ಸಿಸೇರಿಯನ್ನಾ?" ನಾರ್ಮಲ್ ಎಂದರೆ ಶಭಾಶ್, ಸಿಸೇರಿಯನ್ ಎಂದರೆ ಅಯ್ಯೋ. ಆ ಅಯ್ಯೋಗೆಲ್ಲ ತಲೆ ಕೆಡಿಸಿಕೊಳ್ಳಬೇಡ ಮಗಳೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್ನೇ.

ಯಾರೂ ಕೇಳದ ಪ್ರಶ್ನೆ ಬೇರೆಯಿದೆ. ಭದ್ರಾವತಿ ಬಸ್ಸಿನಲ್ಲಿ ಕೆಮ್ಮು ಬಂದರೆ ಎಷ್ಟೋ ಹೆಂಗಸರು ಕಾಲು ಬಿಗಿಹಿಡಿದು ಕೂರುತ್ತಾರೆ, ಗಮನಿಸಿದ್ದೀಯಾ? ಮೂತ್ರ ಹನಿಯುವ ಭಯ. ಮೂತ್ರಕೋಶ, ಗರ್ಭಕೋಶ, ಗುದ ಮೂರನ್ನೂ ಕೆಳಗಿನಿಂದ ಜೋಲಿಯಂತೆ ಎತ್ತಿ ಹಿಡಿದ ಸ್ನಾಯುಗಳಿವೆ. ನಾರ್ಮಲ್ ಹೆರಿಗೆಯಲ್ಲಿ ಮಗು ಅವುಗಳ ನಡುವೆಯೇ ಹಾದು ಬರಬೇಕು. ಆಗ ಅವು ವಿಪರೀತ ಹಿಗ್ಗುತ್ತವೆ, ಕೆಲವರಲ್ಲಿ ಹರಿಯುತ್ತವೆ. ಫೋರ್ಸೆಪ್ಸ್ ಹಾಕಿದರೆ ಆ ಸಂಭವ ಹೆಚ್ಚು. ಸಿಸೇರಿಯನ್ ಆದವರಲ್ಲಿ ಮೂತ್ರ ಸೋರುವುದು, ಗರ್ಭಕೋಶ ಜಾರುವುದು ಕಡಿಮೆ, ನಿಜ. ಇಲ್ಲವೇ ಇಲ್ಲ ಅನ್ನುವಂತಿಲ್ಲ. ಒಂಬತ್ತು ತಿಂಗಳ ಭಾರ ಅವರೂ ಹೊತ್ತವರೇ. ಇದೊಂದಕ್ಕೆಂದೇ ಹೊಟ್ಟೆ ಕೊಯ್ಯಿಸಿಕೊಳ್ಳುವುದು ಜಾಣತನ ಅಂತ ನನಗನಿಸುವುದಿಲ್ಲ. ಮುಂದಿನ ಬಸಿರಿನಲ್ಲಿ ಮಾಸು ಆ ಗಾಯದ ಜಾಗಕ್ಕೆ ಕಚ್ಚಿಕೊಳ್ಳುವ ಅಪಾಯವೂ ಇರುತ್ತದೆ. ಡಾಕ್ಟರ ಜೊತೆ ಕೂತು ತೀರ್ಮಾನಿಸು.

ಬಾಣಂತನದಲ್ಲಿ ಎಣ್ಣೆನೀರು, ಮೆಣಸಿನ ಸಾರು ಎಲ್ಲ ಇರಲಿ. "ನೀರು ಕುಡಿದರೆ ಹೊಟ್ಟೆ ಬರುತ್ತೆ" ಎಂದು ಲೋಟ ಕಿತ್ತಿಡುವವರ ಮಾತು ಮಾತ್ರ ಕೇಳಬೇಡ. ನೀರು, ಸೊಪ್ಪು ಬಿಟ್ಟರೆ ಮಲಬದ್ಧತೆ. ತಿಣುಕಿದಷ್ಟೂ ಆ ಸ್ನಾಯುಗಳಿಗೇ ಪೆಟ್ಟು. ತುಂಬಿದ ಬಕೆಟ್ಟನ್ನು ಬೇರೆಯವರು ಎತ್ತಲಿ.

ಇನ್ನು ವ್ಯಾಯಾಮ. ಮೂತ್ರ, ಗಾಳಿ ಎರಡನ್ನೂ ತಡೆಯುವ ಹಾಗೆ ಒಳಕ್ಕೆ, ಮೇಲಕ್ಕೆ ಬಿಗಿಹಿಡಿ. ತೊಡೆ, ಕುಂಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಕೆಲವು ಕ್ಷಣ ಹಿಡಿದು ಪೂರ್ತಿ ಸಡಿಲಬಿಡು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಹೊತ್ತು, ಕಡಿಮೆಯೆಂದರೂ ಮೂರು ತಿಂಗಳು. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು, ಅದಕ್ಕೇ ಕೆಗೆಲ್ ವ್ಯಾಯಾಮ ಅನ್ನುತ್ತಾರೆ. ಬಸಿರಿನಲ್ಲೇ ಶುರುಮಾಡಿದರೆ ಇನ್ನೂ ಒಳ್ಳೆಯದು. ಮಗುವಿಗೆ ಹಾಲೂಡಿಸುತ್ತಲೇ ಮಾಡಬಹುದು, ಪಕ್ಕದಲ್ಲಿ ಕೂತ ಅತ್ತೆಗೂ ಗೊತ್ತಾಗುವುದಿಲ್ಲ! ಸಿಸೇರಿಯನ್ ಆದರೂ ಬಿಡಬೇಡ.

"ಹೆತ್ತ ಮೇಲೆ ಇದೆಲ್ಲ ಇದ್ದದ್ದೇ" ಅನ್ನುವವರು ಸಿಗುತ್ತಾರೆ. ಮೂರು ತಿಂಗಳಾದರೂ ಹನಿಯುತ್ತಿದ್ದರೆ, ಕೆಳಗೇನೋ ಇಳಿದಂತಿದ್ದರೆ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೋ ನಿನ್ನ ಡಾಕ್ಟರ ಹತ್ತಿರವೋ ಹೋಗು. ಮಲ, ಗಾಳಿ ಹಿಡಿತಕ್ಕೆ ಸಿಗದಿದ್ದರೆ ಅಷ್ಟು ದಿನವೂ ಕಾಯಬೇಡ, ಕೂಡಲೇ ತೋರಿಸು.