ಬೆಳೆಗಿಂತ ಮೊದಲು ಉಣ್ಣುವ ಜೀವಿಗಳು

ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ಹುಣಸಗಿ ಸೀಮೆಯಲ್ಲಿ ಹಾರ್ವೆಸ್ಟರ್ ಗದ್ದೆ ಬಿಟ್ಟ ಮೇಲೆ ಉಳಿಯುವ ನೆಲ್ಲುಹುಲ್ಲು ದೊಡ್ಡ ತಲೆನೋವು. ಬೆಂಕಿ ಹಚ್ಚುವವರು ಕೊಡುವ ಕಾರಣ, ಹುಲ್ಲನ್ನು ಮಣ್ಣಿಗೆ ಸೇರಿಸಿದರೆ ಮುಂದಿನ ನಾಟಿ ಹಳದಿ ತಿರುಗುತ್ತದೆ ಎಂಬುದು. ಆ ಮಾತು ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಬೆಂಕಿಪೊಟ್ಟಣದಲ್ಲಿಲ್ಲ.

ಹುಲ್ಲನ್ನು ಕೊಳೆಸುವ ಮಣ್ಣಿನ ಸೂಕ್ಷ್ಮಜೀವಿಗೆ ಬಾಯಿ ಇಲ್ಲ. ಮೈಯಿಂದ ಕಿಣ್ವ ಹೊರಬಿಟ್ಟು, ಹುಲ್ಲನ್ನು ಹೊರಗೇ ಕರಗಿಸಿ, ಸಾರವನ್ನು ಹೀರಿಕೊಳ್ಳುತ್ತದೆ. ನೆಲ್ಲುಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ 60ರಿಂದ 80 ಪಾಲು ಇಂಗಾಲ ಇರುತ್ತದೆ. ಕೊಳೆಸುವ ಜೀವಿಗೆ ಒಗ್ಗುವುದು ಒಂದಕ್ಕೆ ಸುಮಾರು 25 ಪಾಲು. ಕಡಿಮೆ ಬಿದ್ದ ಸಾರಜನಕವನ್ನು ಅದು ಮಣ್ಣಿನಿಂದ, ಅಂದರೆ ನೀವು ಚೆಲ್ಲಿದ ಯೂರಿಯಾದಿಂದಲೇ ಎಳೆದುಕೊಳ್ಳುತ್ತದೆ. ಸಸಿ ಬೇರು ಚಾಚುವಷ್ಟರಲ್ಲಿ ಸಸಿಯ ಪಾಲಿನ ಸಾರಜನಕ ಖಾಲಿಯಾಗಿರುತ್ತದೆ. ಇದು ಸಾಲ, ಕಳವಲ್ಲ. ಹುಲ್ಲು ತೀರಿ ಆ ಜೀವಿಗಳು ಸತ್ತಾಗ ಸಾರಜನಕದ ಬಹುಪಾಲು ಮಣ್ಣಿಗೆ ಮರಳುತ್ತದೆ.

ಹಾಗಾಗಿ ಅವುಗಳ ಊಟ ನಾಟಿಗೆ ಮೊದಲೇ ಮುಗಿಯಬೇಕು. ಕೊಯ್ಲಾದ ಕೂಡಲೇ ಹಸಿ ಇರುವಾಗ ರೊಟವೇಟರ್ ಹೊಡೆದು, ಟನ್ ಹುಲ್ಲಿಗೆ ಸುಮಾರು 10 ಕೆ.ಜಿ. ಯೂರಿಯಾ ಎರಚಿ, ಮೂರು-ನಾಲ್ಕು ವಾರ ಬಿಡಿ. ನೆಲದಲ್ಲಿ ತೇವ ಇರಲಿ, ನೀರು ನಿಲ್ಲದಿರಲಿ. ಗಾಳಿ ಸಿಕ್ಕರೆ ಕೊಳೆತ ಬೇಗ. ಒಂದು ಟನ್ ಹುಲ್ಲು ಸುಟ್ಟರೆ ಅದರಲ್ಲಿದ್ದ 5ರಿಂದ 8 ಕೆ.ಜಿ. ಸಾರಜನಕ ಬಹುತೇಕ ಹೊಗೆಯೇ ಆಗುತ್ತದೆ.

ನೀರು ನಿಲ್ಲಿಸಿದ ಮೇಲೆ ಗದ್ದೆಯ ಒಳಗಿನ ಲೋಕವೇ ಬೇರೆ. ಮಣ್ಣಿನ ಆಮ್ಲಜನಕ ಕೆಲವೇ ದಿನಗಳಲ್ಲಿ ಖಾಲಿಯಾಗುತ್ತದೆ. ಆಗ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೇಟನ್ನು, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್‌ಗಳನ್ನು ಉಸಿರಾಟಕ್ಕೆ ಬಳಸುತ್ತವೆ. ನೈಟ್ರೇಟ್ ಅನಿಲವಾಗಿ ಹಾರಿಹೋಗುತ್ತದೆ. ಸಲ್ಫೇಟ್ ಸರದಿ ಬಂದಾಗ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ, ಬೇರು ಕಪ್ಪಾಗುತ್ತದೆ. ಕೊನೆಗೆ ಮೀಥೇನ್. ಕೆಸರು ತುಳಿದಾಗ ಏಳುವ ಗುಳ್ಳೆಗಳಲ್ಲಿ ಅದೂ ಇರುತ್ತದೆ. ಹಸಿ ಹುಲ್ಲು ಹೂತು ತಕ್ಷಣ ನೀರು ಕಟ್ಟಿದವರ ಗದ್ದೆಯಲ್ಲಿ ಇದು ಜಾಸ್ತಿ. ವಾಸನೆ ಬಂದರೆ ಔಷಧಿ ಅಂಗಡಿಗೆ ಓಡಬೇಡಿ, ಬದು ಒಡೆದು ನೀರು ಬಸಿಯಿರಿ.

ನಿಂತ ನೀರಿಗೆ ಯೂರಿಯಾ ಎರಚುವುದೂ ನಷ್ಟವೇ. ನೀರಿನ ಪಾಚಿ ಹಗಲಲ್ಲಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಮಧ್ಯಾಹ್ನ ನೀರಿನ ಕ್ಷಾರ ಏರುತ್ತದೆ, ಯೂರಿಯಾ ಅಮೋನಿಯಾ ಆಗಿ ಆವಿಯಾಗುತ್ತದೆ. ನೀರು ಬಸಿದು, ಕೆಸರಿನ ಮೇಲೆ ಹಾಕಿ, ಒಂದೆರಡು ದಿನ ಬಿಟ್ಟು ನೀರು ಕೊಡಿ. ಪಾಚಿಯೆಲ್ಲ ಶತ್ರು ಎಂದೇನಲ್ಲ. ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಗದ್ದೆಗೆ ಸೇರಿಸುತ್ತದೆ ಎಂಬುದನ್ನು ಭಾರತದ ವಿಜ್ಞಾನಿ ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು.

ಇನ್ನು ಜೈವಿಕ ಗೊಬ್ಬರದ ಮಾತು. ನಮ್ಮ ಎರಿ ಹೊಲದಲ್ಲಿ ಸುಣ್ಣದಂಶ ಹೆಚ್ಚು, ಡಿಎಪಿಯ ರಂಜಕವನ್ನು ಅದು ಹಿಡಿದಿಡುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಆಮ್ಲ ಸ್ರವಿಸಿ ಒಂದಿಷ್ಟನ್ನು ಬಿಡಿಸಬಲ್ಲದು. ಆದರೆ ಆಮ್ಲ ಮಾಡಲು ಅದಕ್ಕೂ ಇಂಗಾಲ ಬೇಕು. ತಿಪ್ಪೆಗೊಬ್ಬರ ಕಾಣದ ಹೊಲಕ್ಕೆ ಪ್ಯಾಕೆಟ್ ಸುರಿಯುವುದು ದುಡ್ಡಿನ ದಂಡ. ಅಂಗಡಿಯ ಬಿಸಿಲಲ್ಲಿ ಬೆಂದ ಪ್ಯಾಕೆಟ್ಟಿನಲ್ಲಿ ಜೀವವೇ ಇರುವುದಿಲ್ಲ. ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ ನೋಡಿಯೇ ಕೊಳ್ಳಿ.

ತೊಗರಿಗೆ ಮಾತ್ರ ಬೇರುಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ತಪ್ಪಿಸಬೇಡಿ, ಅದರಲ್ಲೂ ಹಲವು ವರ್ಷ ಭತ್ತ ಬೆಳೆದ ಹೊಲದಲ್ಲಿ. ಗಾಳಿಯಿಲ್ಲದ ಕೆಸರಿನಲ್ಲಿ ಇದರ ಸಂಖ್ಯೆ ಕುಗ್ಗಿರಬಹುದು. 200 ಗ್ರಾಂ ಪ್ಯಾಕೆಟ್ 10 ಕೆ.ಜಿ. ಬೀಜಕ್ಕೆ ಸಾಕು. ತಣಿದ ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ.

ಬಿತ್ತಿದ 40-45 ದಿನಕ್ಕೆ ಒಂದೆರಡು ಗಿಡವನ್ನು ಕೀಳದೆ ಸಲಿಕೆಯಿಂದ ಮಣ್ಣು ಸಮೇತ ಎತ್ತಿ, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಅದು ದುಡಿಯುತ್ತಿದೆ, ಮೇಲೆ ಯೂರಿಯಾ ಬೇಡ. ಗಂಟು ಕಾಣದಿದ್ದರೆ ಅಥವಾ ಒಳಗೆ ಹಸಿರು, ಬೂದು ಬಣ್ಣವಿದ್ದರೆ ಬೇರು ಸಮೇತ ಗಿಡವನ್ನು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.