ಸೂರ್ಯಗರ್ಭದ ಹೊನಲುಗಳು

ಮಣ್ಣಿನ ಗಡಿಗೆಯನ್ನು ಕೊಳ್ಳುವಾಗ ನಾವು ಅದನ್ನು ಬೆರಳಿನಿಂದ ತಟ್ಟಿ ನೋಡುವೆವಷ್ಟೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯು ಕಂಡುಹಿಡಿಯುವುದು. ನೋಟಕ್ಕೆ ನಿಲುಕದ ಸೂರ್ಯಗರ್ಭವನ್ನು ವಿಜ್ಞಾನಿಗಳು ಪರೀಕ್ಷಿಸುವ ಕ್ರಮವೂ ಇದೇ ಬಗೆಯದು.

ಸೂರ್ಯನು ಅತ್ಯುಷ್ಣವಾದ ಅನಿಲದ ಗೋಳ. ಮೇಲ್ಮೈಯಿಂದ ಸುಮಾರು 2,00,000 ಕಿಲೋಮೀಟರ್ ಆಳದವರೆಗೆ ಈ ಅನಿಲವು ಕುದಿಯುವ ಎಸರಿನಂತೆ ಮೇಲಕ್ಕೂ ಕೆಳಕ್ಕೂ ಹೊರಳುತ್ತಿರುವುದು. ಆ ಹೊರಳಾಟದಿಂದ ಶಬ್ದತರಂಗಗಳು ಹುಟ್ಟುವುವು. ನಡುವಣ ಆಕಾಶವು ಬರಿದಾಗಿರುವುದರಿಂದ ಆ ನಾದವು ನಮ್ಮ ಕಿವಿಯನ್ನು ಮುಟ್ಟಲಾರದು. ಆದರೆ ಅದರಿಂದ ಸೂರ್ಯನ ಮೇಲ್ಮೈಯು ಏರಿಳಿಯುವುದು. ನಮ್ಮ ಕಡೆಗೆ ಏರುವ ಅನಿಲದ ವರ್ಣಪಟಲರೇಖೆಗಳು ನೀಲಿಯತ್ತಲೂ, ಹಿಂದೆ ಸರಿಯುವ ಅನಿಲದವು ಕೆಂಪಿನತ್ತಲೂ ಕೊಂಚ ಜರುಗುವುವು. ಈ ಗುರುತಿನಿಂದಲೇ ಅಮೇರಿಕದ ರಾಬರ್ಟ್ ಲೇಟನ್ ಮತ್ತು ಅವರ ಸಂಗಡಿಗರು ಸುಮಾರು ಐದು ನಿಮಿಷಕ್ಕೊಮ್ಮೆ ನಡೆಯುವ ಏರಿಳಿತವನ್ನು ಕಂಡು 1962ರಲ್ಲಿ ಪ್ರಕಟಿಸಿದರು.

ಇದರಿಂದ ಒಳಗಣ ಪ್ರವಾಹಗಳನ್ನು ಅರಿಯುವುದೆಂತು? ಹೊಳೆಯಲ್ಲಿ ದೋಣಿಯು ನೀರಿನೊಡನೆ ಬೇಗನೆಯೂ, ನೀರಿಗೆದುರಾಗಿ ತಡವಾಗಿಯೂ ಸಾಗುವುದನ್ನು ನಾವು ಬಲ್ಲೆವು. ಶಬ್ದತರಂಗವೂ ಹಾಗೆಯೇ. ಅದು ಸೂರ್ಯನ ಮೇಲ್ಮೈಯ ಒಂದು ಸ್ಥಳದಿಂದ ಒಳಕ್ಕಿಳಿದು, ಬಾಗಿ, ಮತ್ತೊಂದು ಸ್ಥಳದಲ್ಲಿ ಮೇಲೇಳುವುದು. ಹೋಗುವ ಕಾಲಕ್ಕೂ ಬರುವ ಕಾಲಕ್ಕೂ ಅಂತರವಿದ್ದರೆ ದಾರಿಯಲ್ಲಿ ಹೊನಲುಂಟೆಂದು ತಿಳಿಯಬೇಕು. ಎರಡು ಸ್ಥಳಗಳು ದೂರವಾದಷ್ಟೂ ತರಂಗವು ಆಳಕ್ಕೆ ಇಳಿಯುವುದರಿಂದ ಹೊನಲಿನ ಆಳವೂ ತಿಳಿದುಬರುವುದು. ಹತ್ತಾರು ನಿಮಿಷಗಳ ಪಯಣದಲ್ಲಿ ಆ ಅಂತರವು ಒಂದು ಸೆಕೆಂಡಿನಷ್ಟೇ ಇರಬಹುದು! ಥಾಮಸ್ ಡುವಾಲ್ ಮೊದಲಾದವರು 1993ರಲ್ಲಿ ಈ ವಿಧಾನವನ್ನು ಬಳಕೆಗೆ ತಂದರು. ಒಂದೆಡೆ ಸೂರ್ಯನು ಮುಳುಗಿದರೂ ಅವಲೋಕನವು ನಿಲ್ಲದಂತೆ 1995ರಲ್ಲಿ ಆರು ಕೇಂದ್ರಗಳ ಜಾಲವು ಕಾರ್ಯಾರಂಭ ಮಾಡಿತು. ನಮ್ಮ ದೇಶದ ಉದಯಪುರವು ಅವುಗಳಲ್ಲೊಂದು.

ಸೂರ್ಯನ ಮಧ್ಯಭಾಗವು ಸುಮಾರು 25 ದಿನಗಳಲ್ಲಿಯೂ, ಧ್ರುವಪ್ರದೇಶವು ಸುಮಾರು 35 ದಿನಗಳಲ್ಲಿಯೂ ಒಂದು ಸುತ್ತು ತಿರುಗುವುದು. ಈ ಭೇದವು ಕುದಿಯುವ ಪದರದ ತಳದವರೆಗೂ ಇದ್ದು, ಅದರ ಕೆಳಗೆ ಬಹುಮಟ್ಟಿಗೆ ಅಳಿದುಹೋಗುವುದೆಂದು ಶಬ್ದವೇ ತಿಳಿಸಿತು. ಇನ್ನೊಂದು ಹೊನಲು ಮೇಲ್ಮೈಯ ಬಳಿ ಸೆಕೆಂಡಿಗೆ 10ರಿಂದ 20 ಮೀಟರಿನಂತೆ ಮಧ್ಯದಿಂದ ಧ್ರುವಗಳ ಕಡೆಗೆ ಹರಿಯುವುದು. ಅದು ಎಷ್ಟು ಆಳದಲ್ಲಿ ಹಿಂದಿರುಗುವುದೆಂಬುದು ಇಂದಿಗೂ ಚರ್ಚೆಯಲ್ಲಿದೆ.

ಇದು ಬರಿಯ ಕುತೂಹಲವಲ್ಲ. ಸುಮಾರು 11 ವರ್ಷಗಳಿಗೊಮ್ಮೆ ಸೂರ್ಯನ ಕಲೆಗಳು ಹೆಚ್ಚಿ ತಗ್ಗುವುದಕ್ಕೆ ಇಂತಹ ಹೊನಲುಗಳೂ ಕಾರಣವೆಂದು ವಿಜ್ಞಾನಿಗಳು ಎಣಿಸುವರು. ಕಲೆಗಳು ಹೆಚ್ಚಿದಾಗ ಸೂರ್ಯನ ಬಿರುಗಾಳಿಗಳೂ ಹೆಚ್ಚುವುವು. 1989ರ ಮಾರ್ಚ್ 13ರಂದು ಅಂತಹ ಬಿರುಗಾಳಿಯೊಂದು ಕೆನಡದ ಕ್ವಿಬೆಕ್ ಪ್ರಾಂತದ ವಿದ್ಯುತ್ತನ್ನು ಸುಮಾರು ಒಂಬತ್ತು ಗಂಟೆಗಳ ಕಾಲ ನಿಲ್ಲಿಸಿಬಿಟ್ಟಿತು. ಮುಂಗಾಣುವ ವಿದ್ಯೆಯು ಬೆಳೆಯಬೇಕಾದರೆ ಒಂದು ಸೆಕೆಂಡಿನ ಅಂತರವನ್ನೂ ಅಲಕ್ಷಿಸದ ತಾಳ್ಮೆಯು ಬೇಕು. ಗಡಿಗೆಯನ್ನು ತಟ್ಟಿ ಕಿವಿಗೊಡುವ ಕೈಗಳಿಗೆ ಆ ತಾಳ್ಮೆಯು ಹೊಸದೇನಲ್ಲ.