ನಿಂತ ಕಾರೂ ನೀರೂ

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸೀಮೆಯಲ್ಲಿ ಕುಟುಂಬಕ್ಕೆ ಮೊತ್ತಮೊದಲು ಬಂದ ಮಾರುತಿ 800 ಕಾರು ಹಿತ್ತಲಿನಲ್ಲಿ ಧೂಳು ಹಿಡಿದು ನಿಂತಿರುವುದುಂಟು. 1983ರಲ್ಲಿ ಹೊರಬಂದು 2014ರಲ್ಲಿ ತಯಾರಿಕೆ ನಿಂತ ಈ ಕಾರಿನ ಮೂರು ಸಿಲಿಂಡರುಗಳ ಎಂಜಿನು ಬಿಚ್ಚಿ ಕಲಿಯುವವರಿಗೆ ಸರಳವಾದುದೇ. ತರುಣರು ಸಾಮಾನ್ಯವಾಗಿ ಬಣ್ಣದಿಂದ ಆರಂಭಿಸುತ್ತಾರೆ. ನಾವು ನೀರಿನಿಂದ ಆರಂಭಿಸೋಣ.

ಇಲ್ಲಿಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ವಿಭಜನೆಗೊಂಡು ಕಾರ್ಬೊನೇಟಾಗಿ ತಳವೂರುತ್ತದೆ. ಬಚ್ಚಲ ಹಂಡೆಯೊಳಗಿನ ಬಿಳಿಯ ಪದರವೇ ಇದು. ರೇಡಿಯೇಟರಿಗೆ ವರ್ಷಗಟ್ಟಲೆ ಆ ನೀರನ್ನೇ ಸುರಿದಿದ್ದರೆ ಅದರ ಸಣ್ಣ ಕೊಳವೆಗಳಲ್ಲಿಯೂ ಅದೇ ಪದರ. ಲೋಹದಂತೆ ಅದು ಶಾಖವನ್ನು ಸಾಗಿಸದು. ಎಂಜಿನು ಅತಿಯಾಗಿ ಕಾದು ಅದರ ಅಲ್ಯೂಮಿನಿಯಂ ತಲೆಭಾಗವು ಬಾಗಬಹುದು. ಆದುದರಿಂದ ರೇಡಿಯೇಟರನ್ನು ತೊಳೆದು, ಭಟ್ಟಿ ಇಳಿಸಿದ ನೀರಿನೊಡನೆ ಕೂಲೆಂಟನ್ನು ತುಂಬತಕ್ಕದ್ದು.

ಇದಕ್ಕಿಂತ ಅಪಾಯಕರವಾದುದು ಬ್ರೇಕಿನೊಳಗಿನ ನೀರು. ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಶೇಕಡಾ 3.7ರಷ್ಟು ನೀರು ಬೆರೆತರೆ ಆ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತದೆ. ನಂದಿಬೆಟ್ಟದಿಂದ ಇಳಿಯುವಾಗ ಬ್ರೇಕು ಕಾದು ದ್ರವ ಕುದಿಯಿತೆನ್ನಿ. ದ್ರವವು ಒತ್ತಿದರೆ ಕುಗ್ಗದು, ಆವಿಯ ಗುಳ್ಳೆ ಕುಗ್ಗುತ್ತದೆ. ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲದು! ಎಂಜಿನನ್ನು ಚಾಲೂ ಮಾಡುವ ಆತುರಕ್ಕೆ ಮೊದಲೇ ಹಳೆಯ ದ್ರವವನ್ನು ಪೂರ್ತಿ ಹೊರಹಾಕಿ, ಗಟ್ಟಿಯಾದ ರಬ್ಬರು ಭಾಗಗಳನ್ನು ಬದಲಾಯಿಸಬೇಕು.

ಇನ್ನು ಮಾರ್ಪಾಟಿನ ಆಸೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. ನೋಂದಣಿಗೆ 15 ವರ್ಷ ಮೀರಿದ್ದರೆ ಅದನ್ನು ನವೀಕರಿಸಿಯೇ ಕಾರನ್ನು ರಸ್ತೆಗಿಳಿಸತಕ್ಕದ್ದು.